ಹೊರಗಿದ್ದವರನ್ನು ಇನ್ನೆಲ್ಲಿಗೆ ಹಾಕ್ತೀರಿ?

ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕುಂತು, ಮಸ್ಕಿ ದಾಟಿ ಸಿಂಧನೂರಿನ ತನಕ ಒಮ್ಮೆ ಹೋಗಿ ಬರ್ರಿ. ಸುಮಾರು 50 ಕಿಲೋಮೀಟರಿನ ದಾರಿ. ರಾಷ್ಟ್ರೀಯ ಹೆದ್ದಾರಿ 150ಎ ಎಂದು ಅದಕ್ಕೆ ಸರ್ಕಾರಿ ಹೆಸರು. ಮೊದಲು ಜೋಳ, ಕಡಲೆ, ತೊಗರಿಯ ಎರೆಹೊಲ. ಸಿಂಧನೂರು ಹತ್ತಿರವಾದಂತೆ ಕಾಲುವೆ ನೀರಿನ ನೆಲ್ಲುಗದ್ದೆ. ಆದರೆ ಊರು ಬರುವ ಮುಂಚೆ, ಊರು ಮುಗಿದ ಮೇಲೂ, ಹೊಲದ ನಡುವೆ ಇನ್ನೊಂದು ಬೆಳೆ ಎದ್ದಿದೆ. ಸುಣ್ಣ ಬಳಿದ ಗಿಡ್ಡ ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಬಣ್ಣದ ಬಾವುಟಗಳು ಪಟಪಟ ಹಾರುತ್ತಿವೆ. ಗರಸು ಹಾಕಿದ ರಸ್ತೆ ಎಲ್ಲಿಗೂ ಹೋಗದೆ ಮುಳ್ಳಬೇಲಿಗೆ ಬಂದು ನಿಂತುಬಿಡುತ್ತದೆ. ಮುಂದೊಂದು ಕಮಾನು. ಕಮಾನಿನ ಮೇಲೆ ದೇವರ ಹೆಸರು, ಇಲ್ಲವೇ ಧಣಿಯ ತಂದೆಯ ಹೆಸರು, ಅದರ ಬಾಲಕ್ಕೆ 'ನಗರ'. ಎನ್.ಎ. ಪ್ಲಾಟುಗಳು ಮಾರಾಟಕ್ಕಿವೆ ಎಂಬ ಬೋರ್ಡು. ರಸ್ತೆಗೆ ತಾಗಿದ ಮುಂಭಾಗದಲ್ಲಿ ಮಾತ್ರ ಪ್ಲಾಟು ಇಲ್ಲ. ಅಲ್ಲಿ ಶಟರುಗಳ ಸಾಲು, ಎರಡಂತಸ್ತಿನ ಕಾಂಪ್ಲೆಕ್ಸು.

ಇದಕ್ಕೆ ಅಭಿವೃದ್ಧಿ ಎನ್ನುತ್ತಾರೆ. ಊರು ಬೆಳೀತು, ಬೆಲೆ ಬಂತು ಎಂದು ಚಹಾದಂಗಡಿಯಲ್ಲಿ ಹಿಗ್ಗುತ್ತಾರೆ. ಊರು ಬೆಳೆಯುವುದಕ್ಕೆ ನನ್ನ ತಕರಾರಿಲ್ಲ. ಹಳ್ಳಿಯ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವರು ಪಟ್ಟಣದ ಗದ್ದಲದಲ್ಲಿ ನಮ್ಮ ಗುರುತು ಹಿಡಿಯಲಾರರು ಎಂಬ ಆಸೆಯಿಂದಲೇ ನಮ್ಮ ಜನ ಪಟ್ಟಣದ ಕಡೆ ಮುಖ ಮಾಡಿದ್ದು. ನನ್ನ ಪ್ರಶ್ನೆ ಬೇರೆ. ಈ ಬಿಳಿ ಕಲ್ಲು ನೆಟ್ಟ ನೆಲ ಮೊದಲು ಯಾರಿಗೆ ಕೊಟ್ಟ ನೆಲ? ಅವರು ಈಗ ಎಲ್ಲಿದ್ದಾರೆ?

ನಾನು ಬಿ.ಎ. ಓದಿದವನು. ನಮ್ಮ ಮನೆತನದಲ್ಲಿ ಕಾಗದ ಹಿಡಿದು ಅದರಲ್ಲಿ ಏನಿದೆ ಎಂದು ಹೇಳಬಲ್ಲ ಮೊದಲ ಮನುಷ್ಯ. ಕವಿತೆ ಬರೆಯುತ್ತೇನೆ. 'ಕವಿಯಾದವನು ಪಹಣಿ ಓದ್ತಾ ಕುಂತ್ರೆ ಹೆಂಗೋ' ಎಂದು ಗೆಳೆಯನೊಬ್ಬ ನಕ್ಕ. ಅವನಿಗೆ ಒಂದು ಮಾತು ಹೇಳಬೇಕಿದೆ. ನಮ್ಮ ಹಿರಿಯರು ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ್ದು 1979ರ ಮಾರ್ಚಿನಲ್ಲಿ. ಅದೇ ವರ್ಷದ ಜನವರಿ 1ರಂದು ಈ ರಾಜ್ಯದಲ್ಲಿ ಒಂದು ಕಾಯ್ದೆ ಜಾರಿಗೆ ಬಂದಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ ಅದು. ದೇವರಾಜ ಅರಸರ ಸರ್ಕಾರದ ಕಾಲದ್ದು, 1978ರದ್ದು ಎಂದೇ ಹೆಸರು. ಜನ ಪಿ.ಟಿ.ಸಿ.ಎಲ್. ಅನ್ನುತ್ತಾರೆ. ಎರಡೂ ಒಂದೇ ಚಳಿಗಾಲದ ಕೂಸುಗಳು. ಒಂದರ ಹೆಸರಲ್ಲಿ ವರ್ಷ ವರ್ಷ ಸಭೆ ಮಾಡಿ ಹಾಡುತ್ತೇವೆ. ಇನ್ನೊಂದನ್ನು ನಮ್ಮಲ್ಲಿ ಎಷ್ಟು ಮಂದಿ ತೆಗೆದು ಓದಿದ್ದಾರೆ?

ನಮ್ಮ ಕೇರಿಗಳು ಎಲ್ಲಿದ್ದವು ಎಂಬುದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಊರು ಮುಗಿದ ಮೇಲೆ ಕೇರಿ. ಊರ ಹೊಲಸು ನೀರು ಹರಿದು ಬರುವ ಕಡೆ ಕೇರಿ. ಸರ್ಕಾರ ನಮಗೆ ನೆಲ ಕೊಡಲು ಹೊರಟಾಗಲೂ ಊರಿಗೆ ಬೇಡವಾದ ನೆಲವನ್ನೇ ಹುಡುಕಿತು. ಗಾಯರಾಣದ ತುಂಡು, ಮರಡಿ, ಹಳ್ಳದ ದಂಡೆಯ ಸವುಳು. ಎರೆಹೊಲ ಇದ್ದವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಲ್ಲು ಆರಿಸಿ ಆರಿಸಿ ನಮ್ಮವರ ಉಗುರು ಸವೆದವು. ಜನತಾ ಮನೆ ಕಟ್ಟಿಕೊಟ್ಟದ್ದೂ ಅಲ್ಲೇ, ಆಶ್ರಯ ಮನೆಯೂ ಅಲ್ಲೇ. 'ಊರಿಂದ ದೂರ ಆಗ್ತದಲ್ರೀ' ಎಂದರೆ 'ನಿಮಗೇನು, ದೂರ ಇದ್ದೇ ರೂಢಿ' ಎಂಬ ಉತ್ತರ.

ಆಮೇಲೆ ದೊಡ್ಡ ರಸ್ತೆ ಬಂತು. ಊರೊಳಗೆ ಗೌಡರ ವಾಡೆ ಇತ್ತು, ಗುಡಿ ಇತ್ತು, ಮಠ ಇತ್ತು. ಅವನ್ನು ಒಡೆಯುವ ಎದೆ ಯಾವ ಇಂಜಿನಿಯರನಿಗೂ ಇರಲಿಲ್ಲ. ರಸ್ತೆ ಊರ ಹೊರಗಿನಿಂದ ಹೋಯಿತು. ಹೊರಗೆ ಎಂದರೆ ಯಾರ ಮುಂದಿನಿಂದ? ನಮ್ಮ ಮುಂದಿನಿಂದ! ನೂರಾರು ವರ್ಷ ನಮ್ಮನ್ನು ಯಾವ ಮೂಲೆಗೆ ದಬ್ಬಿದ್ದರೋ ಆ ಮೂಲೆ ಒಂದೇ ತಲೆಮಾರಿನಲ್ಲಿ ಊರಿನ ಮುಂಬಾಗಿಲಾಯಿತು. ಚರಿತ್ರೆ ತಪ್ಪಿ ನಮ್ಮ ಕಡೆ ಒಮ್ಮೆ ತಿರುಗಿತ್ತು, ಗೆಳೆಯರೇ. ಆದರೆ ಮುಂಬಾಗಿಲಿನಲ್ಲಿ ನಮ್ಮನ್ನು ಕೂರಲು ಬಿಡುವುದುಂಟೆ? ಈಗ ಹೊರಗಿನಿಂದಲೂ ಎಬ್ಬಿಸುವ ಕೆಲಸ ನಡೆದಿದೆ. ಮೊದಲು ಹೊರಗೆ ಹಾಕಲು ಶಾಸ್ತ್ರ ಬೇಕಾಗಿತ್ತು. ಈಗ ಎಬ್ಬಿಸಲು ಛಾಪಾ ಕಾಗದ ಸಾಕು.

ಈ ನೆಲದಲ್ಲಿ ಹಿಂಗೆ ಆಗುತ್ತಿರುವುದು ಮೊದಲ ಸಲವೂ ಅಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ಬಂತು. ನೀರು ಬರುವ ಮುಂಚೆ, ಅದು ಎಲ್ಲಿ ತನಕ ಬರುತ್ತದೆ ಎಂಬುದು ನಕ್ಷೆ ಓದಬಲ್ಲವರಿಗೆ ಗೊತ್ತಿತ್ತು. ಒಣಹೊಲ ಉಳುತ್ತಿದ್ದವನಿಗೆ ಗೊತ್ತಿರಲಿಲ್ಲ. ಆಂಧ್ರದ ಕಡೆಯಿಂದ ಬಂದ ರೈತರು ಕಡಿಮೆ ಬೆಲೆಗೆ ಆ ಒಣಹೊಲ ಕೊಂಡು ಕ್ಯಾಂಪು ಕಟ್ಟಿ, ನೆಲ್ಲು ಬೆಳೆದು, ರೈಸ್ ಮಿಲ್ಲು ನಿಲ್ಲಿಸಿದರು. ಅವರು ಮೈಮುರಿದು ದುಡಿದದ್ದು ಸುಳ್ಳಲ್ಲ, ಬೈಯಲು ನನಗೆ ಮನಸ್ಸಿಲ್ಲ. ಹೊಲ ಮಾರಿದ ಇಲ್ಲಿನ ಸಣ್ಣ ರೈತ ತನ್ನ ಹೊಲದಲ್ಲೇ ಕೂಲಿಯಾದ. ಅವನ ಕೆಳಗೆ ಮೊದಲೇ ಕೂಲಿಯಾಗಿದ್ದ ನಾವು ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಚ್ಚಿದೆವು. ನೀರು ಬಂದಾಗ ನೆಲ ಯಾರ ಕೈಗೆ ಹೋಗುತ್ತದೆ ಎಂಬ ಪಾಠ ಈ ಸೀಮೆಗೆ ಎಪ್ಪತ್ತು ವರ್ಷದ ಹಿಂದೆಯೇ ಆಗಿತ್ತು. ಕಲಿತವರು ನಾವಲ್ಲ.

ಈಗ ರಸ್ತೆ ಬಂದಿದೆ, ರೈಲು ಬಂದಿದೆ. ಗಿಣಿಗೇರಾ–ಮಹಬೂಬನಗರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996–97ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚಿನಲ್ಲಿ. ಈ ಇಪ್ಪತ್ತೇಳು ವರ್ಷ ರೈಲಿನ ಹಾದಿ ಕಾಯ್ದವರು ಬಡವರು. ನಕ್ಷೆ ನೋಡಿ ನೆಲ ಕೊಂಡವರು ಕಾಯಲಿಲ್ಲ. ಮಸ್ಕಿ 2018ರಲ್ಲಿ ತಾಲೂಕು ಆಯಿತು. ತಾಲೂಕು ಎಂದರೆ ತಹಸೀಲು, ಆಫೀಸುಗಳು, ಆಫೀಸಿಗೆ ಬರುವ ಜನ, ಜನರ ಹಿಂದೆ ಝೆರಾಕ್ಸು, ಖಾನಾವಳಿ, ಲಾಡ್ಜು. ಲಿಂಗಸುಗೂರು ಹೈದರಾಬಾದ್ ರಾಜ್ಯದ ಕಾಲದಲ್ಲಿ ದಂಡು ಇಳಿದಿದ್ದ ಛಾವಣಿ, ಒಂದು ಕಾಲಕ್ಕೆ ಜಿಲ್ಲಾ ಕೇಂದ್ರ. ಹಟ್ಟಿಯ ಚಿನ್ನದ ಗಣಿ ಅದೇ ತಾಲೂಕಿನಲ್ಲಿದೆ. ಇವೆಲ್ಲ ಸೇರಿ ಬೆಲೆ ಏರಿದೆ. ಇದರಲ್ಲಿ ಲೇಔಟಿನ ಧಣಿ ಕಟ್ಟಿದ್ದು ಯಾವುದು? ಹೆದ್ದಾರಿ ಅವನು ಹಾಕಿಸಿದನೆ? ಹಳಿ ಅವನು ಜೋಡಿಸಿದನೆ? ತಾಲೂಕಿನ ಹಲಗೆ ಅವನು ಬರೆಸಿದನೆ? ಎಲ್ಲವೂ ಸಾರ್ವಜನಿಕರ ರೊಕ್ಕ. ಬೆಂಕಿಪೊಟ್ಟಣ ಕೊಳ್ಳುವ ನಮ್ಮವ್ವನ ತೆರಿಗೆಯೂ ಅದರಲ್ಲಿದೆ. ಎಲ್ಲರ ರೊಕ್ಕದಿಂದ ಹುಟ್ಟಿದ ಬೆಲೆ ಒಬ್ಬನ ಕಿಸೆಗೆ ಬೀಳುವುದಕ್ಕೆ ವ್ಯಾಪಾರದ ಜಾಣ್ಮೆ ಎಂದು ಹೆಸರು.

ಇನ್ನು ನಮ್ಮ ಮನೆಯ ಮಾತು. ಊರಿನ ಹೆಸರು ಬೇಡ. ಈ ದಾರಿಯಲ್ಲೇ ಇದೆ ಎಂದಷ್ಟು ತಿಳಕೊಳ್ರಿ. ನನ್ನ ತಾತನಿಗೆ 1976ರಲ್ಲಿ ಸರ್ಕಾರ 3 ಎಕರೆ 20 ಗುಂಟೆ ಮಂಜೂರು ಮಾಡಿತು. 15 ವರ್ಷ ಯಾರಿಗೂ ಪರಭಾರೆ ಮಾಡಕೂಡದು ಎಂಬ ಷರತ್ತು ಅದರಲ್ಲೇ ಬರೆದಿತ್ತು. ಅದೇ 1976ರಲ್ಲಿ ಜೀತ ಪದ್ಧತಿ ರದ್ದು ಮಾಡುವ ಕಾಯ್ದೆಯೂ ಬಂತು. ಕಾಯ್ದೆ ಬಂದು ಎಂಟು ವರ್ಷದ ಮೇಲೆ, ಹದಿನಾಲ್ಕರ ಹರೆಯದ ನನ್ನಪ್ಪ ಒಬ್ಬ ಧಣಿಯ ಮನೆಯಲ್ಲಿ ಆಳಿಗಿದ್ದ. 1984. ದೊಡ್ಡತ್ತೆಯ ಮದುವೆಗೆ ತಾತ ಅದೇ ಧಣಿಯ ಹತ್ತಿರ ಸಾಲ ತಂದ. ಸಾಲಕ್ಕೆ ಮಗ ದುಡಿಯುತ್ತಿದ್ದ; ಬಡ್ಡಿಗೆ ಹೊಲ ಹೋಯಿತು. ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ ಎಂಬುದು ತಾತನಿಗೆ ಸಾಯುವ ತನಕ ತಿಳಿಯಲಿಲ್ಲ. 'ಹೊಲ ಧಣ್ಯಾರ ಹತ್ರ ಐತಿ' ಎನ್ನುತ್ತಿದ್ದ, ಯಾರದೋ ಮನೆಯಲ್ಲಿ ಕೊಡಲಿ ಬಿಟ್ಟು ಬಂದವನ ಹಾಗೆ, ನಾಳೆ ಹೋಗಿ ತಂದರಾಯ್ತು ಎಂಬ ಹಾಗೆ.

ಕೈಬರಹದ ಹಳೆಯ ಪಹಣಿಯಲ್ಲಿ ಅದು ಮಂಜೂರಾದ ಜಮೀನು ಎಂಬ ಷರಾ ಇದೆ. ಕಂಪ್ಯೂಟರ್ ಪಹಣಿಯಲ್ಲಿ ಇಲ್ಲ. ಯಾವ ಕೈ ಬಿಟ್ಟಿತೋ. ಷರಾ ಹೋದ ಮೇಲೆ ಹೊಲ ಮಾಮೂಲಿ ಹೊಲವಾಯಿತು. ಮಾಮೂಲಿ ಹೊಲ ಮಾರಬಹುದು, ಕೃಷಿಯೇತರ ಮಾಡಬಹುದು. ಧಣಿಯ ಮಕ್ಕಳು ಮಾರಿದರು, ಕೊಂಡವರು ಕಲ್ಲು ನೆಟ್ಟರು. ಆ ಕಲ್ಲು ನೆಡುವ ಕೂಲಿಗೆ ಹೋದವನು ನನ್ನಪ್ಪ. ಮುಂದೆ ಕಾಂಪ್ಲೆಕ್ಸು ಏಳುವಾಗ ಗೌಂಡಿಯ ಕೈಕೆಳಗೆ ಬುಟ್ಟಿ ಹೊತ್ತವರಲ್ಲಿ ನನ್ನವ್ವ ಇದ್ದಳು. ಅಪ್ಪನ ಹೊಲ ಎಂದು ಗೊತ್ತಿದ್ದೂ ಹೆಂಗೆ ಹೋದಿರಿ ಎಂದು ಕೇಳಿದೆ. 'ಊರ ಮುಂದ ಕೂಲಿ ಸಿಕ್ಕೈತಿ ಅಂದ್ರ ಬಿಡ್ತಾರೇನೋ? ಬೆಂಗಳೂರಿಗೆ ಗುಳೆ ಹೋಗೂದು ತಪ್ಪಿತ್ತಲ್ಲ' ಅಂದಳು ಅವ್ವ. ನನಗೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿನಲ್ಲಿ ಏಳುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡವರ ಭಾಷೆ ಒಮ್ಮೆ ಕೇಳ್ರಿ. ಲಿಂಗಸುಗೂರು, ಮಸ್ಕಿ, ದೇವದುರ್ಗದ ಮಾತು ಕೇಳಿಸುತ್ತದೆ.

ಈಗ ಲೆಕ್ಕ ಹಾಕೋಣ. ಒಂದು ಎಕರೆಗೆ 40 ಗುಂಟೆ, 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟು ಅರ್ಧಕ್ಕಿಂತ ತುಸು ಹೆಚ್ಚು ಮಾರಲು ಸಿಗುತ್ತದೆ ಎಂದಿಟ್ಟುಕೊಂಡರೂ, 30x40ರ ಪ್ಲಾಟು ಎಕರೆಗೆ ಸುಮಾರು ಇಪ್ಪತ್ತು. ಮೂರೂವರೆ ಎಕರೆಗೆ ಎಪ್ಪತ್ತರ ಹತ್ತಿರ. ನಮ್ಮ ಮನೆ ಇರುವ ಜನತಾ ಪ್ಲಾಟು ಅಂಥ ಒಂದು ಪ್ಲಾಟಿನ ಅರ್ಧವೂ ಇಲ್ಲ. ಅದರಲ್ಲಿ ಏಳು ಜನ ಮಲಗುತ್ತೇವೆ.

ಇಲ್ಲಿಗೆ ಬಂದಾಗ ಸಭ್ಯರು ಗಂಟಲು ಸರಿಮಾಡಿಕೊಳ್ಳುತ್ತಾರೆ. 'ಮಾರಿದವರು ನೀವೇ ಅಲ್ಲೇನು? ರೊಕ್ಕ ತಗೊಂಡೀರಿ, ತಿಂದೀರಿ. ಈಗ ಬೆಲೆ ಬಂದ ಮೇಲೆ ಆಸೆ ಹುಟ್ಟಿತೇನು?' ಇದು ಕೇಳಲೇಬೇಕಾದ ಪ್ರಶ್ನೆ, ತಪ್ಪಿಸಿಕೊಳ್ಳುವುದಿಲ್ಲ. ಮಾರಾಟ ಎಂದರೆ ಒಲ್ಲೆ ಎನ್ನುವ ಶಕ್ತಿ ಇದ್ದವನು ಹ್ಞೂಂ ಎನ್ನುವುದು. ಮಗನನ್ನು ಜೀತಕ್ಕಿಟ್ಟವನ ಬಾಯಲ್ಲಿ ಒಲ್ಲೆ ಎಂಬ ಶಬ್ದ ಎಲ್ಲಿಂದ ಬರಬೇಕು? ಇದನ್ನು ನಾನೊಬ್ಬ ಹೇಳುತ್ತಿಲ್ಲ, ಕಾಯ್ದೆಯೇ ಹೇಳುತ್ತದೆ. ಷರತ್ತು ಮೀರಿದ ಪರಭಾರೆ ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದೂ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ಸ್ವಾಧೀನಕ್ಕೆ ತಗೊಂಡು ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಮರಳಿಸಬೇಕು. ತಾತನದು 15 ವರ್ಷದ ಒಳಗೂ ಆಯಿತು, ಅನುಮತಿಯೂ ಇರಲಿಲ್ಲ. ಎರಡು ಸಲ ಸತ್ತ ಕಾಗದದ ಮೇಲೆ ಮೂರು ಸಲ ಖರೀದಿಯಾಗಿದೆ. ಇನ್ನು ಆಸೆಯ ಮಾತು. ಬೆಲೆ ಬರುತ್ತದೆ ಎಂದು ಗೊತ್ತಿದ್ದು ಕೊಂಡವನದು ದೂರದೃಷ್ಟಿ, ಬೆಲೆ ಬಂದ ಮೇಲೆ ತನ್ನದನ್ನು ಕೇಳಿದವನದು ದುರಾಸೆ. ಈ ನಿಘಂಟು ಬರೆದವರು ಯಾರು?

ಕಾಯ್ದೆಯನ್ನು ಹೊಗಳಿ ಕೂರುವವನೂ ನಾನಲ್ಲ. ಅದರ ಹೊಟ್ಟೆಯಲ್ಲೇ ತೂತಿದೆ. 'ಮಂಜೂರಾದ ಜಮೀನು' ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ವಂಶಪಾರಂಪರ್ಯ ಚಾಕರಿಗೆ ಸಂಬಂಧಿಸಿದ ನೆಲವನ್ನು ಹೊರಗಿಟ್ಟಿದ್ದಾರೆ. ಊರಿನ ತೋಟಿಯಾಗಿ ಸತ್ತ ದನ ಎಳೆದು, ಟಪಾಲು ಹೊತ್ತು, ರಾತ್ರಿ ಊರು ಕಾಯ್ದು ಗಳಿಸಿದ ತುಂಡುನೆಲಕ್ಕೆ ಈ ಕಾಯ್ದೆಯ ನೆರಳಿಲ್ಲ. ಬಿಟ್ಟಿ ಚಾಕರಿಗೆ ನಮ್ಮನ್ನು ಕರೆಯುವಾಗ ಜಾತಿ ನೆನಪಾಗುತ್ತದೆ. ನೆಲ ಕಾಪಾಡುವಾಗ ಮಾತ್ರ ಅದು ಬರೇ ಹುದ್ದೆ!

ಆಮೇಲೆ ಕೋರ್ಟು. ಕಾಯ್ದೆಯಲ್ಲಿ ಅರ್ಜಿ ಹಾಕಲು ಕಾಲಮಿತಿ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ, ಕಾಲಮಿತಿ ಬರೆಯದಿದ್ದರೂ ನ್ಯಾಯವಾದ ಅವಧಿಯೊಳಗೆ ಅರ್ಜಿ ಹಾಕಬೇಕು, ಇಪ್ಪತ್ತೈದು ವರ್ಷ ಬಿಟ್ಟು ಬಂದರೆ ಆಗದು ಎಂದಿತು. ಅದಾದ ಮೇಲೆ ತಡವಾಯಿತು ಎಂಬ ಒಂದೇ ಮಾತಿನ ಮೇಲೆ ಅರ್ಜಿಗಳು ಬಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಜನ ಬಿಸಿಲಲ್ಲಿ ಕುಂತರು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ, ಈ ಕಾಯ್ದೆಯಡಿ ಬರುವವರಿಗೆ ಯಾವ ಕಾಲಮಿತಿಯೂ ಇಲ್ಲ ಎಂದು ಬರೆಯಿತು. ಬರೆದ ಮಾತ್ರಕ್ಕೆ ತಡದ ವಾದ ಸತ್ತಿಲ್ಲ. ಕೋರ್ಟುಗಳಲ್ಲಿ ಮತ್ತೆ ಮತ್ತೆ ಎದ್ದು ನಿಲ್ಲುತ್ತಿದೆ. ನ್ಯಾಯವಾದ ಅವಧಿ ಎಷ್ಟು, ಸ್ವಾಮಿ? ನನ್ನ ತಾತನಿಗೆ ಓದು ಬರುತ್ತಿರಲಿಲ್ಲ. ನನ್ನಪ್ಪನಿಗೆ ಬರುವುದಿಲ್ಲ. ಓದು ಬಂದದ್ದು ನನಗೆ. ನಾನು ಹುಟ್ಟಿ, ಹಾಸ್ಟೆಲಿನಲ್ಲಿ ಅನ್ನ ಉಂಡು, ಡಿಗ್ರಿ ಮುಗಿಸಿ, ತಾತನ ತಗಡಿನ ಟ್ರಂಕು ತೆಗೆದು, ಅದರ ತಳದಲ್ಲಿ ಗೆದ್ದಲು ತಿಂದು ಉಳಿದ ಮಂಜೂರಾತಿ ಕಾಗದ ಬಿಡಿಸಿ ನೋಡುವ ತನಕದ ಕಾಲವೇ ನಮ್ಮ ಮನೆಯ ಮಟ್ಟಿಗೆ ನ್ಯಾಯವಾದ ಅವಧಿ. ಅದಕ್ಕೆ ಮೂರು ತಲೆಮಾರು ಹಿಡಿಯಿತು. ಅಕ್ಷರವನ್ನು ಅಷ್ಟು ಕಾಲ ತಡೆದು ಹಿಡಿದವರೇ ಈಗ ಗಡಿಯಾರ ತೋರಿಸುತ್ತಾರೆ.

ವೇಗ ಬೇಕಾದಲ್ಲಿ ಸರ್ಕಾರಕ್ಕೆ ಕಾಲಿಗೆ ಚಕ್ರವೂ ಬರುತ್ತದೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಒಕ್ಕಲುತನ ಮಾಡದವರು ಹೊಲ ಕೊಳ್ಳದಂತೆ ತಡೆದಿದ್ದವು. 2020ರಲ್ಲಿ, ಕೊರೊನಾ ಕಾಲದಲ್ಲಿ, ಜನ ಮನೆಯೊಳಗೆ ಬಾಯಿ ಕಟ್ಟಿಕೊಂಡು ಕುಂತಿದ್ದಾಗ, ಸುಗ್ರೀವಾಜ್ಞೆ ತಂದು ಅವನ್ನು ಕಿತ್ತು ಹಾಕಿದರು. ಇವತ್ತು ರೊಕ್ಕ ಇದ್ದ ಯಾರೇ ಬಂದು ಇಲ್ಲಿ ಎರೆಹೊಲ ಕೊಳ್ಳಬಹುದು. ಕಲ್ಲು ನೆಡುವ ತನಕ ಅದು ಹೊಲ, ನೆಟ್ಟ ಮೇಲೆ ನಗರ.

ಕಾಂಪ್ಲೆಕ್ಸಿನ ಕಥೆ ಇನ್ನೂ ಇದೆ. ಕೆಲಸ ಸಿಗದೆ ಎರಡು ವರ್ಷ ತಿರುಗಿದ ಮೇಲೆ ಒಂದು ಝೆರಾಕ್ಸು, ಆನ್‌ಲೈನ್ ಅರ್ಜಿಯ ಅಂಗಡಿ ಇಡೋಣ ಎಂದುಕೊಂಡೆ. ಹೆದ್ದಾರಿ ಬದಿಯ ಒಂದು ಕಾಂಪ್ಲೆಕ್ಸಿನಲ್ಲಿ ಮೂರು ಶಟರು ಖಾಲಿ ಇದ್ದವು. ಡಿಪಾಜಿಟ್ಟಿನ ಮಾತು ಮುಗಿಯಿತು, ಬಾಡಿಗೆಯ ಮಾತು ಮುಗಿಯಿತು. ಬಯಾನಾ ಕೊಡುವ ಮುಂಚೆ ಮಾಲೀಕರು ಮೆಲ್ಲಗೆ ಕೇಳಿದರು: 'ತಮ್ಮಾ, ನೀವು ಯಾರ ಪೈಕಿ?' ಹೇಳಿದೆ. 'ಅಯ್ಯೋ, ನೆನಪೇ ಇಲ್ನೋಡು, ಅದು ನಿನ್ನೆನೇ ಮಾತಾಗೇತಿ' ಎಂದರು. ಆ ಶಟರು ಮುಂದೆ ಏಳು ತಿಂಗಳು ಖಾಲಿ ಇತ್ತು. ನಾನು ದಿನಾ ಎಣಿಸಿದ್ದೇನೆ. ಹಳೆಯ ಅಸ್ಪೃಶ್ಯತೆಗೆ ಮಡಿಯ ನೆವ ಇತ್ತು, ಇದಕ್ಕೆ ನೆನಪಿನ ನೆವ. ಅದರ ನೆಲಗಟ್ಟಿನ ಕೆಳಗಿರುವುದು ನನ್ನ ತಾತ ಕಲ್ಲು ಆರಿಸಿದ ಮಣ್ಣು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಮರೆಯುತ್ತಿದ್ದರು.

ಖಾಸಗಿ ಕಾಂಪ್ಲೆಕ್ಸು ಹಿಂಗಾದರೆ ಸರ್ಕಾರಿ ಮಳಿಗೆಗಳಲ್ಲಿ ನಮಗೆ ಮೀಸಲು ಇದೆಯಲ್ಲ ಎನ್ನುತ್ತಾರೆ. ಇದೆ. ಹರಾಜಿನಲ್ಲಿ ನಮ್ಮವನ ಹೆಸರು ಕೂಗುತ್ತಾರೆ. ಕರಾರು ಪತ್ರದಲ್ಲಿ ನಮ್ಮವನ ಹೆಸರು. ಗಲ್ಲಾಪೆಟ್ಟಿಗೆಯ ಹಿಂದೆ ಬೇರೊಬ್ಬ. ಹೆಸರು ಕೊಟ್ಟವನಿಗೆ ತಿಂಗಳಿಗೆ ಇಷ್ಟು ಎಂದು ಕೈಗೆ ತುರುಕುತ್ತಾರೆ. ನಾಡಿನ ಯಾವ ಪಟ್ಟಣದಲ್ಲಿ ಬೇಕಾದರೂ ವಿಚಾರಿಸಿರಿ, ಈ ಗುಟ್ಟು ಗೊತ್ತಿಲ್ಲದ ಹಮಾಲನೂ ಸಿಗಲಾರ. ಡಿಪಾಜಿಟ್ಟು ಕಟ್ಟಲು ಸಾಲ ಸಿಗದವನಿಗೆ ಬರೇ ಮೀಸಲು ಕೊಟ್ಟರೆ ಅವನು ಹೆಸರು ಮಾರದೆ ಇನ್ನೇನು ಮಾಡಿಯಾನು?

ಶಟರಿನ ಹೊರಗೆ ಕೂರೋಣ ಎಂದರೆ ಸುಂದರೀಕರಣ ಬರುತ್ತದೆ. ಸರ್ಕಲ್ಲು ಅಗಲ ಮಾಡುತ್ತಾರೆ, ನಡುವೆ ದೀಪದ ಕಂಬ ನಿಲ್ಲಿಸುತ್ತಾರೆ. ಅದರ ಹಿಂದಿನ ದಿನ ಜೆಸಿಬಿ ಬಂದು ಡಬ್ಬಿ ಅಂಗಡಿಗಳನ್ನು ಎತ್ತಿ ಹಾಕುತ್ತದೆ. ಚಪ್ಪಲಿ ಹೊಲಿಯುವವನ ಕೊಡೆ, ಕಾಯಿಪಲ್ಲೆ ಮಾರುವವಳ ಗೋಣಿಚೀಲ, ಎಗ್‌ರೈಸಿನ ಬಂಡಿ, ಎಲ್ಲ ಒಂದೇ ಟಿಪ್ಪರಿನಲ್ಲಿ. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು ಎಂದು ಅದು ಹೇಳುತ್ತದೆ. ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಾಗದಷ್ಟು ಬೀದಿ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಜೆಸಿಬಿಗೆ ಓದು ಬರುವುದಿಲ್ಲ. ಓಡಿಸಲು ಹೇಳಿದವರಿಗೆ ಬರುತ್ತದೆ.

ನಮ್ಮವರ ಮಾತೂ ಆಡಬೇಕು, ಆಡದಿದ್ದರೆ ಈ ಬರಹ ಅರ್ಧ ಸುಳ್ಳು. 2008ರಿಂದ ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು ಕ್ಷೇತ್ರ. ಗೆದ್ದವರು, ಸೋತವರು, ಪಕ್ಷ ಬಿಟ್ಟವರು, ಮತ್ತೆ ಸೇರಿದವರು ಎಲ್ಲರನ್ನೂ ನೋಡಿದ್ದೇವೆ. ಈ ದಾರಿಯಲ್ಲಿ ಎಷ್ಟು ಮಂಜೂರಾದ ಜಮೀನು ಲೇಔಟಾಗಿದೆ, ಸರ್ವೆ ನಂಬರು ಹಾಕಿ ಪಟ್ಟಿ ಕೊಡಿ ಎಂದು ಸದನದಲ್ಲಿ ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಅಂಬೇಡ್ಕರ್ ಜಯಂತಿಯ ಕಮಾನಿಗೆ ರೊಕ್ಕ ಕೊಡುವವನು ಲೇಔಟಿನ ಧಣಿ. ಬ್ಯಾನರಿನಲ್ಲಿ ಬಾಬಾಸಾಹೇಬರ ಪಕ್ಕದಲ್ಲಿ ಅವನ ಫೋಟೋ, ಬಾಬಾಸಾಹೇಬರದ್ದಕ್ಕಿಂತ ತುಸು ದೊಡ್ಡದು. ಹೆಬ್ಬೆಟ್ಟಿನ ವಾರಸುದಾರರು ಯಾವ ಗುಡಿಸಲಿನಲ್ಲಿದ್ದಾರೆ ಎಂದು ಹುಡುಕಿ ಕೊಡುವ ದಲ್ಲಾಳಿಗಳು ನಮ್ಮ ಕೇರಿಯಲ್ಲೇ ಹುಟ್ಟಿದವರು, ನನ್ನ ಜೊತೆಗೇ ಹಾಸ್ಟೆಲಿನಲ್ಲಿ ಉಂಡವರು. ಅವರಿಗೂ ಕೆಲಸ ಸಿಕ್ಕಿರಲಿಲ್ಲ. ಸಿಟ್ಟಿನ ಜೊತೆ ಇದನ್ನೂ ನೆನೆಯುತ್ತೇನೆ.

ಪ್ಲಾಟು ಕೊಂಡವರ ಬಗ್ಗೆ ಒಂದು ಮಾತು. ಅವರಲ್ಲಿ ಶಾಲೆ ಮಾಸ್ತರರಿದ್ದಾರೆ, ಗಣಿಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಮಗಳ ಬಂಗಾರ ಅಡವಿಟ್ಟವರಿದ್ದಾರೆ. ಅವರು ನಮ್ಮ ವೈರಿಗಳಲ್ಲ. ಅವರನ್ನು ಕಾಯಲು 2016ರ ರೇರಾ ಕಾಯ್ದೆ ಇದೆ; ಮಾರಿದವನು ಮೋಸ ಮಾಡಿದರೆ ದೂರು ಕೊಡಲು ಒಂದು ಪ್ರಾಧಿಕಾರವಿದೆ. ಕೊಂಡವನಿಗೆ ಒಂದು ಬಾಗಿಲಾದರೂ ಇದೆಯಲ್ಲ, ಇರಲಿ. ನಮ್ಮ ಲೆಕ್ಕ ಮಾಸ್ತರರ ಜೊತೆ ಅಲ್ಲ, ಎಪ್ಪತ್ತು ಪ್ಲಾಟಿನ ರೊಕ್ಕ ಎಣಿಸಿದವನ ಜೊತೆ. ಮಾರಿ ಹೋದ ಮನೆಗಳನ್ನು ಒಡೆಯಿರಿ ಎಂದು ನಾನು ಕೇಳುತ್ತಿಲ್ಲ. ಮಾರದೆ ಉಳಿದ ಪ್ಲಾಟುಗಳಿವೆ, ಬಾಡಿಗೆ ಎಣಿಸುತ್ತಿರುವ ಶಟರುಗಳಿವೆ. ಮೊದಲು ಅವು ನಮ್ಮ ಹೆಸರಿಗೆ ಬರಲಿ. ಕೃಷಿಯೇತರ ಮಾಡುವ ಮುಂಚೆ ಕಂಪ್ಯೂಟರನ್ನು ನಂಬದೆ ಕೈಬರಹದ ಪಹಣಿ, ಮಂಜೂರಾತಿ ವಹಿ ತೆಗೆದು ನೋಡಲಿ. ನೋಡದೆ ಸಹಿ ಹಾಕಿದ ಅಧಿಕಾರಿ ಜವಾಬು ಹೇಳಲಿ.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಂಡದ್ದು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾದದ್ದು ಆ ಬಂಡೆಯಿಂದ. ಪ್ರವಾಸಿಗಳಿಗೆ ಹೆಸರಿನ ಕಥೆಯನ್ನಷ್ಟೇ ಹೇಳುತ್ತಾರೆ, ಕೆಳಗಿನ ಸಾಲುಗಳನ್ನು ಹೇಳುವುದಿಲ್ಲ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಅದನ್ನು ಪಡೆಯಬಲ್ಲ, ದೊಡ್ಡವನಿಗೆ ಮಾತ್ರ ಎಂದು ತಿಳಿಯಬೇಡಿ ಎಂಬರ್ಥದ ಮಾತು ಅಲ್ಲಿದೆ. ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿ ಬಂಡೆಯ ಮೇಲೆ ಕೊರೆಸಿದ ಷರಾ ಉಳಿದಿದೆ. ಸರ್ಕಾರ 1976ರಲ್ಲಿ ಪಹಣಿಯಲ್ಲಿ ಬರೆದ ಷರಾ ಅಳಿಸಿಹೋಗಿದೆ. ನಮಗೂ ಇನ್ನು ಮುಂದೆ ಜಮೀನು ಕೊಟ್ಟರೆ ಬಂಡೆಯ ಮೇಲೆ ಬರೆದುಕೊಡಿ ಎನ್ನಬೇಕೇನೋ.

ಹೋದ ತಿಂಗಳು ಅರ್ಜಿ ಹಾಕಿದೆವು. ಮಂಜೂರಾತಿ ಕಾಗದದ ನಕಲು, ಕೈಬರಹದ ಪಹಣಿ, ವಂಶಾವಳಿ, ತಾತನ ಮರಣಪತ್ರ. ವಂಶಾವಳಿ ಮಾಡಿಸಲು ಓಡಾಡಿದ ಕಥೆ ಬೇರೆ, ಅದಕ್ಕೆ ಈ ಪತ್ರಿಕೆಯ ಇನ್ನೊಂದು ಸಂಚಿಕೆ ಬೇಕು. ಅರ್ಜಿ ಹಾಕಿ ನಾಲ್ಕು ದಿನಕ್ಕೆ ಒಬ್ಬ ದಲ್ಲಾಳಿ ಮನೆಗೆ ಬಂದ. ನಮ್ಮವನೇ. ಅಪ್ಪನಿಗೆ ಮಾವ ಆಗಬೇಕು. 'ಮಾವ, ನನ್ನ ಮಾತು ಕೇಳು. ಹಿಂದಿನ ಸಾಲಿನಾಗ ಒಂದು ಪ್ಲಾಟು ನಿನ್ನ ಹೆಸರಿಗೆ ಮಾಡಿಸಿ ಕೊಡ್ತಾರ. ಹುಡುಗಗ ಹೇಳಿ ಅರ್ಜಿ ವಾಪಸ್ ತಗಸು. ಕೋರ್ಟು ಅಂದ್ರ ನಿನ್ನ ಕಾಲಕ್ಕ ಮುಗಿಯಾದಲ್ಲ' ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಮುಗಿಯದೇ ಇರಬಹುದು. ಅವ್ವ ಒಳಗಿಂದ ನನ್ನ ಮುಖ ನೋಡಿದಳು. ಒಂದು ಪ್ಲಾಟು ಎಂದರೆ ನಮಗೆ ಸಣ್ಣದಲ್ಲ. ತಂಗಿಯ ಮದುವೆ ಮುಂದಿದೆ. ನಾನು ಬಾಯಿ ತೆರೆಯಲಿಲ್ಲ. ಕವಿತೆ ಬರೆದವನಿಗೆ ಆ ಹೊತ್ತಿಗೆ ಒಂದು ಮಾತು ಹುಟ್ಟಲಿಲ್ಲ.

ಅಪ್ಪ ಬೀಡಿ ಹಚ್ಚಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

'ಹಿಂದಿನ ಸಾಲು ಅಂದ್ರ ಯಾವುದು? ಬೇವಿನ ಗಿಡದ ಕಡೀದೇನು?'

'ಹೌದು ಮಾವ.'

'ಅಲ್ಲಿ ಹದಿನಾಲ್ಕು ಕಲ್ಲು ಅದಾವ. ಮೂರು ಅಡ್ಡಾದಿಡ್ಡಿ ಕುಂತಾವ, ಕೆಳಗ ಬಂಡೆ ಐತಿ. ನಾನೇ ನೆಟ್ಟೀನಿ. ಪೂರ್ತಿ ಹೊಲದಾಗ ಎಲ್ಲೆಲ್ಲಿ ಏನೇನೈತಿ ನನಗ ಗೊತ್ತೈತಿ. ನಿಮ್ಮ ಧಣ್ಯಾರಿಗೆ ಹೇಳು, ಕೀಳಾಕ ಆಳು ಬೇಕಂದ್ರ ನಾನೇ ಬರ್ತೀನಿ, ಕೂಲಿನೂ ಕೇಳಂಗಿಲ್ಲ.'

ವಿಚಾರಣೆಯ ನೋಟಿಸು ಇನ್ನೂ ಬಂದಿಲ್ಲ. ಈ ದಾರಿಯ ಎರಡೂ ಬದಿಯ ಕೇರಿಗಳಲ್ಲಿ ತಾತಂದಿರ ಟ್ರಂಕುಗಳಿವೆ. ತೆಗೆದು ನೋಡ್ರಿ. ಓದಲು ಬಾರದಿದ್ದರೆ ಕಾಗದ ತಗೊಂಡು ಬರ್ರಿ, ನಾನು ಮನೆಯಲ್ಲೇ ಇರುತ್ತೇನೆ, ಅಂಗಡಿಯಂತೂ ಇಲ್ಲ.